ಅಕ್ಷರ ನೋಡಿ ಗುಣ ಹೇಳುವವರನ್ನು ಪರೀಕ್ಷಿಸುವ ಬಗೆ, ಸಹಿ ತಕರಾರಿಗೆ ತಯಾರಾಗುವ ಬಗೆ

‘ಕೈಬರಹ ವಿಶ್ಲೇಷಣೆ’ ಎಂಬ ಒಂದೇ ಬೋರ್ಡಿನ ಕೆಳಗೆ ಎರಡು ಬೇರೆ ಬೇರೆ ಕಸುಬುಗಳು ನಡೆಯುತ್ತವೆ. ಅಕ್ಷರದ ಓರೆ, ಗಾತ್ರ, ಒತ್ತಡ ನೋಡಿ ಬರೆದವರ ಸ್ವಭಾವ, ಪ್ರಾಮಾಣಿಕತೆ, ಯಾವ ಕೆಲಸಕ್ಕೆ ಲಾಯಕ್ಕು ಎಂದು ಹೇಳುವುದು ಒಂದು. ಇದಕ್ಕೆ ಗ್ರಾಫಾಲಜಿ ಎನ್ನುತ್ತಾರೆ. ಈ ಸಹಿ ಇವರದೇ ಹೌದೇ, ಈ ಪತ್ರ ಬರೆದ ಕೈ ಯಾವುದು ಎಂದು ಹೋಲಿಸಿ ನೋಡುವುದು ಇನ್ನೊಂದು. ಅದು ದಾಖಲೆ ಪರೀಕ್ಷೆ. ಮೊದಲನೆಯದನ್ನು ಸರಿಯಾಗಿ ಕಟ್ಟುನಿಟ್ಟು ಮಾಡಿ ಪರೀಕ್ಷೆಗೆ ನಿಲ್ಲಿಸಿದಾಗ ಅದು ಬಿದ್ದಿದೆ. ಎರಡನೆಯದು ವರ್ಷಗಟ್ಟಲೆ ಕಲಿತು ಪಳಗಬೇಕಾದ ವಿದ್ಯೆ. ಅದು ಎಷ್ಟು ತಪ್ಪುತ್ತದೆ ಎಂಬುದನ್ನು ಅಳೆದಿದ್ದಾರೆ. ಹಾಗಿದ್ದೂ ಬೆರಳಚ್ಚಿನಷ್ಟು ಗಟ್ಟಿಯಲ್ಲ. ‘ಕೋರ್ಟೇ ಕೈಬರಹ ತಜ್ಞರನ್ನು ಒಪ್ಪುತ್ತದಲ್ಲ’ ಎಂದು ಗುಣ ಹೇಳುವವರು ತಮ್ಮ ಜಾಹೀರಾತಿನಲ್ಲಿ ಹಾಕಿಕೊಂಡರೆ, ಪಕ್ಕದ ಮನೆಯವರ ಪದವಿಯನ್ನು ತಮ್ಮ ಹೆಸರಿನ ಮುಂದೆ ಬರೆದುಕೊಂಡಂತೆ.

ಹಾಗಾಗಿ ಯಾರಾದರೂ ಕೈಬರಹ ತಜ್ಞರೆಂದು ಹೇಳಿಕೊಂಡರೆ ಮೊದಲು ಮೂರು ಪ್ರಶ್ನೆ ಕೇಳಿ. ನೀವು ಹೇಳುವುದು ತಪ್ಪೆಂದು ತೋರಿಸುವ ದಾರಿ ಇದೆಯೇ? ಬರೆದವರ ಬಗ್ಗೆ ಏನೂ ಗೊತ್ತಿಲ್ಲದೆ ನಿಮ್ಮ ವಿಧಾನ ಕೆಲಸ ಮಾಡುತ್ತದೆಯೇ? ನೂರರಲ್ಲಿ ಎಷ್ಟು ಸಲ ತಪ್ಪುತ್ತೀರಿ? ಮೂರನೆಯದಕ್ಕೆ ‘ತಪ್ಪುವುದೇ ಇಲ್ಲ’ ಎಂಬ ಉತ್ತರ ಬಂದರೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಆದರೆ ಮನೆಯವರು, ಶಾಲೆಯವರು, ಕಂಪನಿಯ ಎಚ್‌ಆರ್ ವಿಭಾಗದವರು ಅಷ್ಟಕ್ಕೆ ಒಪ್ಪುವುದಿಲ್ಲ. ‘ನನ್ನ ಬಗ್ಗೆ ಎಷ್ಟು ಸರಿಯಾಗಿ ಹೇಳಿದರು ಗೊತ್ತಾ’ ಎನ್ನುತ್ತಾರೆ. ಅವರಿಗಾಗಿ, ಖರ್ಚಿಲ್ಲದೆ ಮಾಡಬಹುದಾದ ಒಂದು ಪರೀಕ್ಷೆ ಇಲ್ಲಿದೆ.

ಗುಣ ಹೇಳುವವರಿಗೆ ಪರೀಕ್ಷೆ

20 ಜನರನ್ನು ಸೇರಿಸಿ. ಎಲ್ಲರೂ ಗಂಡಸರು ಅಥವಾ ಎಲ್ಲರೂ ಹೆಂಗಸರಾಗಿರಲಿ. ವಯಸ್ಸಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಅಂತರ ಬೇಡ. ಒಂದೇ ಮಾಧ್ಯಮದಲ್ಲಿ, ಹೆಚ್ಚುಕಡಿಮೆ ಒಂದೇ ಮಟ್ಟದವರೆಗೆ ಓದಿದವರಾಗಿರಲಿ. ಈ ಬಿಗಿಗೆ ಕಾರಣವಿದೆ. ಬುದ್ಧಿಮತ್ತೆಯ ಪರೀಕ್ಷೆಗಳಿಂದ ಹೆಸರಾದ ಫ್ರಾನ್ಸಿನ ಆಲ್ಫ್ರೆಡ್ ಬಿನೆ ಗ್ರಾಫಾಲಜಿಸ್ಟರನ್ನು ಪರೀಕ್ಷಿಸಿ 1906ರಲ್ಲಿ ಫಲಿತಾಂಶ ಪ್ರಕಟಿಸಿದರು. ಬರೆದವರು ಗಂಡೋ ಹೆಣ್ಣೋ ಎಂಬುದನ್ನು ತಜ್ಞರು ಅದೃಷ್ಟಕ್ಕಿಂತ ಚೆನ್ನಾಗಿಯೇ ಊಹಿಸಿದರು, ಆದರೆ ತರಬೇತಿಯಿಲ್ಲದವರೂ ಹತ್ತರಲ್ಲಿ ಸುಮಾರು ಏಳು ಸಲ ಸರಿಯಾಗಿ ಹೇಳಿದರು. ಅಂದರೆ ಲಿಂಗದಂಥ ಹೊರ ಸಂಗತಿಗಳು ಅಕ್ಷರದಲ್ಲಿ ಸ್ವಲ್ಪ ಮಟ್ಟಿಗೆ ಕಾಣುತ್ತವೆ. ಗುಂಪು ಮಿಶ್ರವಾಗಿದ್ದರೆ, ‘ಮನೆಮಂದಿಯ ಬಗ್ಗೆ ಸದಾ ಚಿಂತಿಸುವ ತಾಯಿಮನಸ್ಸು’ ಎಂದು ಬರೆದ ವರದಿಯನ್ನು ಗಂಡಸರು ಹೇಗೂ ಆರಿಸುವುದಿಲ್ಲ. ಸ್ವಭಾವದ ಒಂದಕ್ಷರವೂ ಓದದೆ ಅಂಕ ಏರುತ್ತದೆ.

ಎಲ್ಲರಿಗೂ ಗೆರೆಯಿಲ್ಲದ ಎ4 ಹಾಳೆ, ಒಂದೇ ಬಗೆಯ ನೀಲಿ ಬಾಲ್‌ಪೆನ್ ಕೊಡಿ. ಕೆಳಗೆ ನಾಲ್ಕೈದು ಹಾಳೆ ಹಾಸಿಕೊಂಡು ಬರೆಯಲಿ. ಗಟ್ಟಿ ಮೇಜಿನ ಮೇಲೆ ಬರೆದರೆ ಒತ್ತಡ ಕಾಣಲಿಲ್ಲವೆಂಬ ತಕರಾರು ಆಮೇಲೆ ಬರುತ್ತದೆ. ಸುಮಾರು 120 ಪದಗಳ ಒಂದು ಪ್ಯಾರಾ ಉಕ್ತಲೇಖನವಾಗಿ ಹೇಳಿ. ವಿಷಯ ನೀರಸವಾಗಿದ್ದಷ್ಟೂ ಒಳ್ಳೆಯದು: ಹವಾಮಾನ ವರದಿ, ಬಸ್ಸು ಹೋಗುವ ಊರುಗಳ ಪಟ್ಟಿ, ಅಂಥದ್ದು. ಎರಡು ಸಲ ಬರೆಸಿ, ಎರಡನೆಯ ಹಾಳೆಯನ್ನು ಇಟ್ಟುಕೊಳ್ಳಿ. ಮೊದಲ ಸಲ ಎಲ್ಲರೂ ಅಕ್ಷರ ದುಂಡಗೆ ಮಾಡಲು ಹೋಗುತ್ತಾರೆ.

ಸಹಿ ಬೇಡ. ಗ್ರಾಫಾಲಜಿಸ್ಟರು ಖಂಡಿತ ಕೇಳುತ್ತಾರೆ, ಕೊಡಬೇಡಿ. ನಮ್ಮಲ್ಲಿ ಹೆಸರೊಂದು ಸಿಕ್ಕರೆ ಧರ್ಮ, ಊರು, ಎಷ್ಟೋ ಸಲ ಜಾತಿ ಕೂಡ ಸಿಕ್ಕಿತು.

ಉಕ್ತಲೇಖನದಲ್ಲಿ ಸಹಜತೆ ಇಲ್ಲ ಎಂದು ಅವರು ಆಕ್ಷೇಪಿಸಿದರೆ, ಅದು ಅರ್ಧ ನ್ಯಾಯವಾದ ಆಕ್ಷೇಪ, ಒಪ್ಪಿಕೊಳ್ಳಿ. ಆಗ ಎಲ್ಲರೂ ಚಿತ್ರಾನ್ನ ಮಾಡುವ ವಿಧಾನವನ್ನು ತಮ್ಮದೇ ಮಾತಲ್ಲಿ ಬರೆಯಲಿ. ಆದರೆ ಅದೇ ಬರಹಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿ, ಆ ಪ್ರತಿಗಳನ್ನು ಗ್ರಾಫಾಲಜಿ ಗೊತ್ತಿಲ್ಲದ ಒಬ್ಬರಿಗೆ ಕೊಟ್ಟು ಅವರಿಂದಲೂ ಸ್ವಭಾವದ ವರದಿ ಬರೆಸಿ. ಟೈಪಾದ ಪ್ರತಿ ಓದಿದವರೂ ತಜ್ಞರಷ್ಟೇ ಅಂಕ ಪಡೆದರೆ, ಮಾತಾಡಿದ್ದು ಬರೆದ ವಿಷಯ, ಅಕ್ಷರವಲ್ಲ. ಈ ಒಂದು ಹೆಜ್ಜೆ ಬಿಟ್ಟರೆ ಇಡೀ ಪರೀಕ್ಷೆ ವ್ಯರ್ಥ. ನೇಮಕಾತಿಯಲ್ಲಿ ಗ್ರಾಫಾಲಜಿಸ್ಟರ ಊಹೆಗಳು ಎಷ್ಟು ನಿಜವಾದವು ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 1989ರ ವಿಶ್ಲೇಷಣೆ ಹೇಳುವುದೂ ಇದನ್ನೇ: ಅಭ್ಯರ್ಥಿಗಳು ತಮ್ಮ ಜೀವನದ ಬಗ್ಗೆ ಬರೆದಾಗ ಗ್ರಾಫಾಲಜಿಸ್ಟರಿಗೆ ಅಲ್ಪಸ್ವಲ್ಪ ಯಶಸ್ಸು ಸಿಕ್ಕಿತ್ತು, ಅದೇ ಬರಹ ಓದಿದ ಗ್ರಾಫಾಲಜಿ ಅರಿಯದ ಮನೋವಿಜ್ಞಾನಿಗಳು ಅವರಿಗಿಂತ ಹಿಂದೆ ಬೀಳಲಿಲ್ಲ, ವಿಷಯ ತಟಸ್ಥವಾಗಿದ್ದಾಗ ಆ ಯಶಸ್ಸು ಹೆಚ್ಚುಕಡಿಮೆ ಸೊನ್ನೆಗೆ ಇಳಿಯಿತು.

ಹಾಳೆಗಳ ಮೇಲೆ ಹೆಸರಿನ ಬದಲು ಚೀಟಿ ಎತ್ತಿ ಬಂದ ಸಂಖ್ಯೆ ಬರೆಯಿರಿ. ಸಂಖ್ಯೆ ಯಾರದೆಂಬ ಪಟ್ಟಿ ಒಬ್ಬರ ಬಳಿ ಮಾತ್ರ ಇರಲಿ, ಅವರು ಗ್ರಾಫಾಲಜಿಸ್ಟರನ್ನು ಭೇಟಿಯಾಗಬಾರದು. ಮೂವರಿಂದ ಒಂದು ವಾರ ಬಿಟ್ಟು ಇನ್ನೊಂದು ಹಾಳೆ ಬರೆಸಿ, ಬೇರೆ ಸಂಖ್ಯೆ ಹಾಕಿ ಕಟ್ಟಿನಲ್ಲಿ ಸೇರಿಸಿ. ಒಟ್ಟು 23 ಹಾಳೆ ಹೋಗುತ್ತವೆ. ಒಬ್ಬರ ಎರಡು ಹಾಳೆಗೆ ‘ಸಂಕೋಚದ ವ್ಯಕ್ತಿ’, ‘ಮುನ್ನುಗ್ಗುವ ನಾಯಕ’ ಎಂಬ ಎರಡು ವರದಿ ಬಂದರೆ ಮುಂದಿನ ಲೆಕ್ಕದ ಅಗತ್ಯವೇ ಬೀಳದು.

ವರದಿಗೂ ಕರಾರು ಬೇಕು. ಪ್ರತಿ ಹಾಳೆಗೆ ಎಂಟು ಹತ್ತು ವಾಕ್ಯ. ‘ಕೆಲವೊಮ್ಮೆ’, ‘ಸಂದರ್ಭಕ್ಕೆ ತಕ್ಕಂತೆ’, ‘ಹೊರಗೆ ಗಟ್ಟಿ ಒಳಗೆ ಮೃದು’ ಬಗೆಯ ಎರಡೂ ಕಡೆ ಸಲ್ಲುವ ಮಾತು ಕೂಡದು. ‘ಎಡಕ್ಕೆ ವಾಲಿದ ನಿಮ್ಮ ಅಕ್ಷರ’ ಎಂದು ಬರೆಯಲೂಬಾರದು; ತನ್ನ ಅಕ್ಷರ ಎಡಕ್ಕೆ ವಾಲುತ್ತದೆ ಎಂದು ಬರೆದವರಿಗೆ ಗೊತ್ತು, ವರದಿಯನ್ನು ಅದರಿಂದಲೇ ಗುರುತಿಸುತ್ತಾರೆ. ಅಂಥ ವಾಕ್ಯಗಳಿದ್ದರೆ ಹಂಚುವ ಮುನ್ನ ಮೂರನೆಯವರು ತೆಗೆದುಹಾಕಲಿ.

ಈಗ ಪ್ರತಿಯೊಬ್ಬರಿಗೂ ಐದು ವರದಿ ಕೊಡಿ: ಒಂದು ಅವರದು, ನಾಲ್ಕು ಚೀಟಿ ಎತ್ತಿ ಆರಿಸಿದ ಬೇರೆಯವರದು. ತನ್ನದು ಯಾವುದೆಂದು ಒಂದನ್ನೇ ಆರಿಸಬೇಕು. ಕಣ್ಣು ಮುಚ್ಚಿ ಆರಿಸಿದರೂ 20ರಲ್ಲಿ ಸರಾಸರಿ 4 ಸರಿಯಾಗುತ್ತವೆ. ಬರೀ ಅದೃಷ್ಟದಿಂದ 8 ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ಸುಮಾರು 3; 9 ಅಥವಾ ಹೆಚ್ಚು ಸರಿಯಾಗುವುದು ನೂರಕ್ಕೆ 1. ಆದ್ದರಿಂದ ಗೆಲುವಿನ ಗೆರೆಯನ್ನು 9ಕ್ಕೆ ಎಳೆದು, ಶುರು ಮಾಡುವ ಮೊದಲೇ ಕಾಗದದ ಮೇಲೆ ಬರೆದು ಎರಡೂ ಕಡೆಯವರು ಸಹಿ ಹಾಕಿ. 5, 6, 7 ಬಂದರೆ ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. 8 ಬಂದರೆ ಹೊಸ 20 ಜನರೊಂದಿಗೆ ಮತ್ತೆ ಮಾಡಿ. ಹಳೆಯ ಅಂಕ ಸೇರಿಸಬೇಡಿ.

ಎಲ್ಲ ವರದಿಗಳನ್ನು ಎಲ್ಲರೊಂದಿಗೆ ಒಟ್ಟಿಗೇ ಹೊಂದಿಸುವ ಆಟವೂ ಉಂಟು, ಟಿವಿಯವರಿಗೆ ಅದು ಇಷ್ಟ. ಅದರಲ್ಲಿ ಒಂದು ಸೋಜಿಗವಿದೆ. 10 ಜನರಿದ್ದರೂ 100 ಜನರಿದ್ದರೂ ಕುರುಡು ಅದೃಷ್ಟಕ್ಕೆ ಸರಾಸರಿ ಒಂದೇ ಒಂದು ಸರಿಯಾಗುತ್ತದೆ. 10 ಜನರಲ್ಲಿ 3 ಅಥವಾ ಹೆಚ್ಚು ಸರಿಯಾಗುವುದು ನೂರಕ್ಕೆ 8 ಸಲ, 4 ಅಥವಾ ಹೆಚ್ಚು ನೂರಕ್ಕೆ 2 ಸಲ. ಆದ್ದರಿಂದ ‘ಹತ್ತರಲ್ಲಿ ಮೂರು ಕರಾರುವಾಕ್ಕಾಗಿ ಹೇಳಿದರು’ ಎಂದು ಬೆರಗಾಗಬೇಕಿಲ್ಲ.

ಕೆಡುವುದು ಸಾಮಾನ್ಯವಾಗಿ ಫಲಿತಾಂಶ ಬಂದ ಮೇಲೆ. ‘ಅವರು ತಮ್ಮ ಸ್ವಭಾವವನ್ನೇ ಅರಿಯರು, ನನ್ನ ವರದಿ ಸರಿ’ ಎಂಬುದು ಮೊದಲ ಮಾತು. ಹಾಗಾದರೆ ಜನ ‘ನನ್ನ ಬಗ್ಗೆ ಸರಿಯಾಗಿ ಹೇಳಿದರು’ ಎಂದು ಕೊಟ್ಟ ಪ್ರಶಂಸಾಪತ್ರಗಳನ್ನೂ ಗೋಡೆಯಿಂದ ಇಳಿಸಬೇಕಾಗುತ್ತದೆ.

ಸರಿ ಅನ್ನಿಸುವುದು ಯಾಕೆ

1948ರಲ್ಲಿ ಅಮೆರಿಕದ ಮನೋವಿಜ್ಞಾನಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, ‘ನಿಮ್ಮ ವ್ಯಕ್ತಿತ್ವದ ವರದಿ’ ಎಂದು ಒಂದೊಂದು ಹಾಳೆ ಹಂಚಿದರು. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ವರದಿ, ಜ್ಯೋತಿಷ್ಯದ ಪುಸ್ತಕವೊಂದರಿಂದ ಹೆಕ್ಕಿದ ವಾಕ್ಯಗಳು. ವರದಿ ತಮಗೆ ಎಷ್ಟು ಸರಿಹೊಂದುತ್ತದೆ ಎಂದು ವಿದ್ಯಾರ್ಥಿಗಳಿಂದಲೇ ಅಂಕ ಹಾಕಿಸಿದಾಗ ಐದಕ್ಕೆ ಸರಾಸರಿ 4.26 ಬಂತು. ಇದನ್ನು ನೀವೂ ಮಾಡಿ ನೋಡಬಹುದು: ಮೇಲಿನ ಪರೀಕ್ಷೆಗೆ ಮೊದಲು ಬೇರೊಂದು ಗುಂಪಿನ ಅಕ್ಷರ ತೆಗೆದುಕೊಂಡು, ಎರಡು ದಿನ ಬಿಟ್ಟು ಎಲ್ಲರಿಗೂ ಒಂದೇ ವರದಿ ಕೊಡಿ, ಅಂಕ ಹಾಕಿಸಿ, ಆಮೇಲೆ ಹಾಳೆ ಅದಲುಬದಲು ಮಾಡಿ ಓದಲು ಹೇಳಿ. ಮುಂದಿನ ವಾದ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ, ಗ್ರಾಫಾಲಜಿಯ ಸೂತ್ರಗಳು ಕಿವಿಗೆ ಹಿತವಾಗಿ ಕೂರುವುದು. ದೊಡ್ಡ ಅಕ್ಷರದವರು ಧಾರಾಳಿಗಳು, ಇಕ್ಕಟ್ಟಾಗಿ ಬರೆಯುವವರು ಜುಗ್ಗರು, ಸಾಲು ಮೇಲೇರಿದರೆ ಉತ್ಸಾಹಿ, ಕೆಳಗಿಳಿದರೆ ನಿರಾಶಾವಾದಿ. ಇದು ಕಂಡುಕೊಂಡ ಸಂಬಂಧವಲ್ಲ, ಮಾತಿನ ಉಪಮೆ. ಅಂಥ ಜೋಡಿ ಮೊದಲೇ ಮನಸ್ಸಿನಲ್ಲಿದ್ದರೆ, ಅಂಕಿಅಂಶದಲ್ಲಿ ಸಂಬಂಧ ಇಲ್ಲದಿದ್ದರೂ ಕಣ್ಣಿಗೆ ಕಾಣುತ್ತದೆ ಎಂಬುದನ್ನು 1967ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಚಾಪ್ಮನ್ ದಂಪತಿ, ಸ್ವಭಾವ ಅರಿಯಲೆಂದು ಮನುಷ್ಯನ ಚಿತ್ರ ಬಿಡಿಸುವ ಪರೀಕ್ಷೆಯ ಮೇಲೆ ತೋರಿಸಿದ್ದರು. 2000ದಲ್ಲಿ ಕೈಬರಹದ ಮೇಲೂ ಅದೇ ಕಂಡುಬಂತು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೂ ಮೂಲಭೂತವಾದ ಪ್ರಶ್ನೆಯೊಂದಿದೆ. ಈ ಸೂತ್ರಗಳೆಲ್ಲ ಹುಟ್ಟಿದ್ದು ಯುರೋಪಿನ ಕೂಡಿಸಿ ಬರೆಯುವ ರೋಮನ್ ಲಿಪಿಗೆ. ಇಟಲಿಯ ಕಮಿಲೊ ಬಾಲ್ಡಿ 1622ರಲ್ಲಿ ಬರೆದದ್ದು, 1870ರ ದಶಕದಲ್ಲಿ ಫ್ರಾನ್ಸಿನ ಪಾದ್ರಿ ಮಿಶೊಂ ಗ್ರಾಫಾಲಜಿ ಎಂಬ ಹೆಸರನ್ನು ಚಲಾವಣೆಗೆ ತಂದು ಚಿಹ್ನೆಗಳ ಪಟ್ಟಿ ಕಟ್ಟಿದ್ದು, ಎಲ್ಲವೂ ಆ ಲಿಪಿಯ ಮೇಲೆಯೇ. ಟಿ ಅಕ್ಷರದ ಅಡ್ಡಗೀಟು ಎಷ್ಟು ಎತ್ತರದಲ್ಲಿದೆ, ಐ ಮೇಲಿನ ಚುಕ್ಕೆ ಎಲ್ಲಿ ಬಿತ್ತು, ವೈ ಅಕ್ಷರದ ಬಾಲ ಎಷ್ಟು ಉದ್ದ ಎಂಬುದರ ಮೇಲೆ ಆತ್ಮವಿಶ್ವಾಸ, ಏಕಾಗ್ರತೆ, ಕಾಮನೆ ಎಲ್ಲ ನಿಂತಿವೆ. ಕನ್ನಡದಲ್ಲಿ ಅಡ್ಡಗೀಟಿಲ್ಲ, ಚುಕ್ಕೆಯಿಲ್ಲ, ಅಕ್ಷರಗಳು ಒಂದಕ್ಕೊಂದು ಕೂಡುವುದಿಲ್ಲ. ತಲೆಕಟ್ಟಿಗೆ, ಒತ್ತಕ್ಷರಕ್ಕೆ, ಅರ್ಕಾವೊತ್ತಿಗೆ ಯಾವ ಗುಣ? ಯಾರಾದರೂ ಹೇಳಿದರೆ, ಅದನ್ನು ಎಷ್ಟು ಜನರ ಮೇಲೆ, ಯಾವ ಅಳತೆಗೋಲಿನಿಂದ ನೋಡಿ ನಿರ್ಧರಿಸಿದಿರಿ ಎಂದು ಕೇಳಿ. ಇಂಗ್ಲಿಷಿನಲ್ಲೊಂದು, ಕನ್ನಡದಲ್ಲೊಂದು ಹಾಳೆ ಬರೆದುಕೊಟ್ಟು ಎರಡಕ್ಕೂ ವರದಿ ಕೇಳುವುದು ಇನ್ನೂ ಸುಲಭದ ದಾರಿ.

ಕೆಲಸ, ಶಾಲೆ, ಆರೋಗ್ಯ

ನೇಮಕಾತಿಗೆ ಅಕ್ಷರ ನೋಡುವ ಕಂಪನಿಯಲ್ಲಿದ್ದರೆ ಈ ಅಂಕಿಗಳನ್ನು ಮುಂದಿಡಿ. 1998ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಶ್ಮಿಟ್ ಮತ್ತು ಹಂಟರ್ 85 ವರ್ಷಗಳ ಸಂಶೋಧನೆಯನ್ನು ಒಟ್ಟುಮಾಡಿ, ಆಯ್ಕೆಯ ಯಾವ ವಿಧಾನ ಮುಂದಿನ ಕೆಲಸದ ಗುಣಮಟ್ಟವನ್ನು ಎಷ್ಟು ಸೂಚಿಸುತ್ತದೆ ಎಂದು ಲೆಕ್ಕ ಹಾಕಿದರು. ಸೊನ್ನೆ ಎಂದರೆ ಸಂಬಂಧವೇ ಇಲ್ಲ, 1 ಎಂದರೆ ಪೂರ್ಣ ಸಂಬಂಧ. ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವುದಕ್ಕೆ 0.54, ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ ಒಂದೇ ರೀತಿ ಅಂಕ ಹಾಕುವ ಸಂದರ್ಶನಕ್ಕೆ 0.51, ಗ್ರಾಫಾಲಜಿಗೆ 0.02. ನಂತರ ಬಂದ ಲೆಕ್ಕಗಳಲ್ಲಿ ಮೊದಲೆರಡು ಅಂಕಿಗಳು ಇಳಿದಿವೆ; ಇಳಿದರೂ ಗ್ರಾಫಾಲಜಿಯ ಹತ್ತಿರಕ್ಕೂ ಬಂದಿಲ್ಲ. ಇಸ್ರೇಲಿನಲ್ಲಿ ನಡೆದು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಮ್ಮ ತಮ್ಮ ವೃತ್ತಿಯಲ್ಲಿ ಯಶಸ್ವಿಯಾದ 40 ಜನರ ಅಕ್ಷರ ಕೊಟ್ಟು, ಎಂಟು ವೃತ್ತಿಗಳಲ್ಲಿ ಯಾವುದು ಯಾರದೆಂದು ಐವರು ಗ್ರಾಫಾಲಜಿಸ್ಟರನ್ನು ಕೇಳಿದರು. ಊಹೆಗಿಂತ ಮೇಲೇರಲಿಲ್ಲ. ಲೆಕ್ಕಿಗರು ಬೇಕಿದ್ದರೆ ಒಂದು ಗಂಟೆ ಕೂರಿಸಿ ತಾಳೆಪಟ್ಟಿ ಮಾಡಿಸಿ. ಅವರು ಹೇಗೆ ಬರೆಯುತ್ತಾರೆ ಎಂಬುದನ್ನು ಚೆಕ್ಕಿನ ಮೇಲೆ ಆಮೇಲೆ ನೋಡಬಹುದು.

ಶಾಲೆಗಳಲ್ಲಿ ನಡೆಯುವ ಶಿಬಿರಗಳಲ್ಲಿ ಎರಡನ್ನು ಬೇರ್ಪಡಿಸಬೇಕು. ಮಕ್ಕಳ ಅಕ್ಷರ ಓದಲು ಬರುವಂತಾಗುವುದು, ಬರೆಯುವ ವೇಗ ಹೆಚ್ಚುವುದು ಅಭ್ಯಾಸದಿಂದ ಆಗುವಂಥದ್ದೇ, ಒಳ್ಳೆಯದೇ. ಟಿ ಅಕ್ಷರದ ಗೀಟನ್ನು ಮೇಲೆ ಹಾಕಿಸಿದರೆ ಮಗುವಿಗೆ ಧೈರ್ಯ ಬರುತ್ತದೆ ಎಂಬ ‘ಗ್ರಾಫೊಥೆರಪಿ’ಗೆ ದುಡ್ಡು ಕೊಡಬೇಡಿ.

ಆರೋಗ್ಯದ ಮಾತು ಬೇರೆ. ಪಾರ್ಕಿನ್ಸನ್ ಕಾಯಿಲೆಯಲ್ಲಿ ಅಕ್ಷರ ಬರಬರುತ್ತ ಚಿಕ್ಕದಾಗುವುದು ವೈದ್ಯರು ಗುರುತಿಸಿರುವ ಲಕ್ಷಣ. ನರ, ಸ್ನಾಯು, ಕಣ್ಣಿನ ತೊಂದರೆ ಬರಹದಲ್ಲಿ ಕಾಣಿಸಿಕೊಳ್ಳುತ್ತದೆ, ಏಕೆಂದರೆ ಬರೆಯುವುದು ಕೈಯ ಕೆಲಸ. ಮನೆಯ ಹಿರಿಯರ ಅಕ್ಷರ ಕೆಲವು ತಿಂಗಳಲ್ಲಿ ಎದ್ದು ಕಾಣುವಷ್ಟು ಕುಗ್ಗಿದ್ದರೆ ಹಳೆಯ ಹೊಸ ಎರಡೂ ಹಾಳೆ ಹಿಡಿದು ನರರೋಗ ವೈದ್ಯರ ಬಳಿ ಹೋಗಿ, ಗ್ರಾಫಾಲಜಿಸ್ಟರ ಬಳಿ ಅಲ್ಲ.

ಸಹಿ ತಕರಾರು ಬಂದಾಗ

ಕ್ರಯಪತ್ರ, ವಿಲ್, ಪ್ರೋನೋಟು, ಚೆಕ್ಕು: ‘ಇದು ನನ್ನ ಸಹಿಯಲ್ಲ’ ಎಂಬ ಮಾತು ಬಂದ ಕೂಡಲೇ ಎರಡನೆಯ ಕಸುಬು ಬೇಕಾಗುತ್ತದೆ. ಇದಕ್ಕೆ ಅಂಕಿಗಳ ಆಸರೆ ಇದೆ. 1997ರ ಒಂದು ಅಮೆರಿಕನ್ ಪರೀಕ್ಷೆಯಲ್ಲಿ, ಬೇರೆಯವರ ಬರಹವನ್ನು ಒಬ್ಬರದೇ ಎಂದು ತಪ್ಪಾಗಿ ಜೋಡಿಸಿದ್ದು ವೃತ್ತಿನಿರತ ಪರೀಕ್ಷಕರಲ್ಲಿ ಶೇಕಡಾ 6.5, ಸಾಮಾನ್ಯರಲ್ಲಿ ಶೇಕಡಾ 38.3. 2022ರಲ್ಲಿ 86 ಪರೀಕ್ಷಕರ ಮೇಲೆ ನಡೆದ ಇನ್ನೊಂದು ದೊಡ್ಡ ಅಧ್ಯಯನದಲ್ಲಿ ಬೇರೆಯವರದನ್ನು ‘ಇವರದೇ’ ಎಂದದ್ದು ಶೇಕಡಾ 3.1, ಇವರದನ್ನೇ ‘ಇವರದಲ್ಲ’ ಎಂದದ್ದು ಶೇಕಡಾ 1.1. ಅವಳಿಗಳ ಬರಹವಾದರೆ ಮೊದಲ ಬಗೆಯ ತಪ್ಪು ಶೇಕಡಾ 8.7ಕ್ಕೆ ಏರಿತು. ಅಣ್ಣತಮ್ಮಂದಿರ ಆಸ್ತಿ ಜಗಳದಲ್ಲಿ ಈ ಕೊನೆಯ ಅಂಕಿ ನೆನಪಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿದ್ದ ಸರಗೂರು ಎನ್. ಶ್ರೀಹರಿ ಮತ್ತು ಸಂಗಡಿಗರು 2002ರಲ್ಲಿ 1,500 ಜನರ ಬರಹಗಳನ್ನು ಕಂಪ್ಯೂಟರಿನಿಂದ ಅಳೆದು, ಒಬ್ಬರ ಕೈ ಇನ್ನೊಬ್ಬರದಕ್ಕಿಂತ ಬೇರೆ ಎಂಬ ನಂಬಿಕೆಗೆ ಲೆಕ್ಕದ ಬುನಾದಿ ಹಾಕಿದರು. ನ್ಯಾಯಾಲಯಗಳು ಅದುವರೆಗೆ ಆ ನಂಬಿಕೆಯನ್ನು ಬಹುಮಟ್ಟಿಗೆ ಅನುಭವದ ಮಾತಾಗಿಯೇ ಸ್ವೀಕರಿಸಿದ್ದವು.

ಮೊದಲ ಕೆಲಸ, ಮೂಲ ದಾಖಲೆ ಕಾಪಾಡುವುದು. ಹೊಸದಾಗಿ ಮಡಚಬೇಡಿ, ಪಿನ್ನು ಹೊಡೆಯಬೇಡಿ, ಸಹಿಯ ಸುತ್ತ ಪೆನ್ಸಿಲಿನಿಂದಲೂ ಗುರುತು ಹಾಕಬೇಡಿ. ಲ್ಯಾಮಿನೇಷನ್ ಮಾಡಿಸಿದರೆ ಇಂಕಿನ, ಒತ್ತಿನ ಪರೀಕ್ಷೆಗಳು ಕೈಬಿಟ್ಟಂತೆಯೇ. ಕಾಗದದ ಲಕೋಟೆಯಲ್ಲಿಡಿ, ಆದರೆ ಒಳಗೆ ಹಾಕಿದ ಮೇಲೆ ಲಕೋಟೆಯ ಮೇಲೆ ಬರೆಯಬೇಡಿ. ಪೆನ್ನಿನ ಒತ್ತು ಒಳಗಿನ ಹಾಳೆಗೆ ಇಳಿದು, ಮೇಲಿನ ಹಾಳೆಯ ಅಚ್ಚು ಹುಡುಕುವವರ ದಾರಿ ತಪ್ಪಿಸುತ್ತದೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು 600 ಡಿಪಿಐನಲ್ಲಿ ಬಣ್ಣದ ಸ್ಕ್ಯಾನ್ ಮಾಡಿ, ಓಡಾಟಕ್ಕೆಲ್ಲ ಆ ಪ್ರತಿಯನ್ನೇ ಬಳಸಿ.

ಎರಡನೆಯದು, ಮತ್ತು ಹೆಚ್ಚಿನ ಪ್ರಕರಣ ಸೊರಗುವುದು ಇಲ್ಲೇ: ಒಪ್ಪಿತ ಸಹಿಗಳು. ತಕರಾರಿಲ್ಲದ, ಮೂಲದಲ್ಲೇ ಇರುವ 15ರಿಂದ 20 ಸಹಿ ಬೇಕು. ಪ್ರಶ್ನಿತ ದಾಖಲೆಯ ತಾರೀಕಿಗೆ ಹಿಂದುಮುಂದು ಎರಡು ವರ್ಷದೊಳಗಿನವು ಉತ್ತಮ. ಬ್ಯಾಂಕಿನ ಖಾತೆ ತೆರೆದ ಅರ್ಜಿ, ಪಾಸಾದ ಚೆಕ್ಕುಗಳು, ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಾಯಿತ ಪತ್ರ, ಸೇವಾ ಪುಸ್ತಕ, ಹಾಜರಿ ವಹಿ, ವಿಮೆಯ ಪ್ರಸ್ತಾವನೆ, ಸಹಕಾರ ಸಂಘದ ನಡವಳಿ ಪುಸ್ತಕ ಹುಡುಕಿ. ಕನ್ನಡ ಸಹಿಗೆ ಕನ್ನಡ ಸಹಿಯನ್ನೇ, ಗೀಚಿದ ಚಿಕ್ಕ ಸಹಿಗೆ ಚಿಕ್ಕದನ್ನೇ ಹೋಲಿಸಬೇಕು. ಒಂದೆರಡು ಸಹಿ ಸಾಲದು, ಏಕೆಂದರೆ ಯಾರೂ ಎರಡು ಸಲ ಒಂದೇ ಥರ ಸಹಿ ಹಾಕುವುದಿಲ್ಲ. ಆ ಕೈ ಎಷ್ಟರ ಮಟ್ಟಿಗೆ ಬದಲಾಗುತ್ತದೆ ಎಂಬ ಹರವು ತಿಳಿಯದೆ, ಪ್ರಶ್ನಿತ ಸಹಿಯ ವ್ಯತ್ಯಾಸ ಸಹಜವೋ ಖೋಟಾವೋ ಎಂದು ಹೇಳಲಾಗದು. ವಕಾಲತ್ತು, ಆಕ್ಷೇಪಣೆಗಳ ಮೇಲಿನ ಸಹಿ ತಕರಾರು ಹುಟ್ಟಿದ ಮೇಲಿನವು. ಬೇಕೆಂದೇ ತಿರುಚಿ ಹಾಕಿರಬಹುದೆಂಬ ಅನುಮಾನಕ್ಕೆ ಎಡೆಯಿರುವುದರಿಂದ ಅವನ್ನಷ್ಟೇ ನೆಚ್ಚಿಕೊಳ್ಳಬೇಡಿ.

ಮಾದರಿಯ ಮೂಲವನ್ನೂ ವಿಚಾರಿಸಿ. 1983ರಲ್ಲಿ ಜರ್ಮನಿಯ ‘ಸ್ಟರ್ನ್’ ಪತ್ರಿಕೆ ಹಿಟ್ಲರನ ದಿನಚರಿಗಳೆಂದು ಪ್ರಕಟಿಸಿದವನ್ನು ಕೈಬರಹ ಪರೀಕ್ಷಕರು ಅಸಲಿ ಎಂದಿದ್ದರು. ಅವರಿಗೆ ಹೋಲಿಕೆಗೆ ಕೊಟ್ಟ ಕಾಗದಗಳಲ್ಲೇ ಅದೇ ಖೋಟಾಕಾರ ಕೊನ್ರಾಡ್ ಕುಯಾವ್ ಬರೆದವು ಸೇರಿದ್ದವು. ಕೊನೆಗೆ ಗುಟ್ಟು ರಟ್ಟು ಮಾಡಿದ್ದು ಅಕ್ಷರವಲ್ಲ, ಕಾಗದ: ಯುದ್ಧದ ನಂತರವಷ್ಟೇ ಬಳಕೆಗೆ ಬಂದ ಬಿಳುಪುಕಾರಕ ಅದರಲ್ಲಿತ್ತು.

ಎದುರಿನಲ್ಲೇ ಮಾದರಿ ಬರೆಸುವುದಾದರೆ ಪ್ರಶ್ನಿತ ದಾಖಲೆಯನ್ನು ತೋರಿಸಬಾರದು, ಕಾಗುಣಿತ ಹೇಳಿಕೊಡಬಾರದು. ಬರೆಯಬೇಕಾದ್ದನ್ನು ಬಾಯಲ್ಲಿ ಹೇಳಬೇಕು. ಮೂಲದಲ್ಲಿ ಸಹಿಗೆ ಎಷ್ಟು ಜಾಗವಿತ್ತೋ ಅಷ್ಟೇ ಜಾಗದ ಚೌಕ, ಅದೇ ಬಗೆಯ ಪೆನ್ನು, ಅದೇ ಬಗೆಯ ಕಾಗದ. ಪ್ರತಿ ಹಾಳೆ ಮುಗಿದ ಕೂಡಲೇ ಕಣ್ಣಿಂದ ಮರೆಮಾಡಿ, ಇಲ್ಲದಿದ್ದರೆ ಹಿಂದಿನದನ್ನೇ ನೋಡಿ ಬರೆಯುತ್ತಾರೆ. ಐದಾರು ಹಾಳೆಗೊಮ್ಮೆ ಬಿಡುವು ಕೊಟ್ಟು, ಮಧ್ಯೆ ವೇಗವಾಗಿ ಬರೆಯಲು ಹೇಳಿ. ತಿರುಚಿ ಬರೆಯುವವರಿಗೆ ಆ ವೇಷವನ್ನು ಇಪ್ಪತ್ತು ಹಾಳೆಯವರೆಗೆ ಉಳಿಸಿಕೊಳ್ಳುವುದು ಕಷ್ಟ. ಕ್ರಿಮಿನಲ್ ಪ್ರಕರಣದಲ್ಲಿ ಹೀಗೆ ಬರೆಸಲು ಆದೇಶಿಸುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 349ನೇ ಕಲಮಿನಲ್ಲಿದೆ. ಮಾದರಿ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಎಂದು ಸುಪ್ರೀಂ ಕೋರ್ಟ್ 1961ರಲ್ಲೇ ಕಾಥಿ ಕಾಲು ಪ್ರಕರಣದಲ್ಲಿ ತೀರ್ಮಾನಿಸಿದೆ.

ತಜ್ಞರಿಗೆ ದುಡ್ಡು ಕಟ್ಟುವ ಮೊದಲು ನೀವೇ ಒಮ್ಮೆ ನೋಡಿ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಒಂದು ಟಾರ್ಚು ಸಾಕು. ಟಾರ್ಚನ್ನು ಕಾಗದಕ್ಕೆ ಹೆಚ್ಚುಕಡಿಮೆ ತಾಗುವಂತೆ ಅಡ್ಡ ಹಿಡಿದರೆ ಒತ್ತಿನ ತಗ್ಗುಗಳು ನೆರಳಾಗಿ ಕಾಣುತ್ತವೆ. ಇಂಕಿನ ಗೆರೆಯ ಪಕ್ಕದಲ್ಲೇ ಇಂಕಿಲ್ಲದ ಇನ್ನೊಂದು ತಗ್ಗು ಗೆರೆ ಓಡಿದ್ದರೆ, ಅಸಲಿ ಸಹಿಯನ್ನು ಮೇಲಿಟ್ಟು ಒತ್ತಿ, ಆ ತಗ್ಗಿನ ಮೇಲೆ ಇಂಕಿನಿಂದ ತಿದ್ದಿದ ಸಹಿ ಎಂದು ಶಂಕಿಸಬೇಕು. ಆಮೇಲೆ ಗೆರೆಯ ಗುಣ ನೋಡಿ. ರೂಢಿಯ ಸಹಿ ಓಟದಲ್ಲಿ ಬರುತ್ತದೆ. ಶುರುವೂ ಕೊನೆಯೂ ಸಪೂರವಾಗಿ ಗಾಳಿಯಿಂದ ಇಳಿದು ಗಾಳಿಗೆ ಏರಿದಂತಿರುತ್ತವೆ. ನಕಲು ಮಾಡುವ ಕೈ ನಿಧಾನ: ತುದಿಗಳು ಮೊಂಡು, ತಿರುವಿನಲ್ಲಿ ನಡುಕ, ಅನಗತ್ಯ ಜಾಗದಲ್ಲಿ ಪೆನ್ನು ಎತ್ತಿ ಮತ್ತೆ ಜೋಪಾನವಾಗಿ ಕೂಡಿಸಿದ ಗುರುತು. ವಯಸ್ಸಾದವರ ಕೈಯೂ ನಡುಗುತ್ತದೆ, ಆದರೆ ಆ ನಡುಕ ಸಹಿಯುದ್ದಕ್ಕೂ ಇರುತ್ತದೆ, ಅವರು ಕೂಡಿಕೆಗಳನ್ನು ಮುಚ್ಚಿಡಲು ಹೋಗುವುದಿಲ್ಲ. ಎರಡು ಸಹಿಯನ್ನು ಬೆಳಕಿನೆದುರು ಒಂದರ ಮೇಲೊಂದು ಇಟ್ಟಾಗ ಕೂದಲೆಳೆಯೂ ಬಿಡದೆ ಕೂತರೆ ಸಂತೋಷಪಡಬೇಡಿ. ಅದು ಒಂದರಿಂದ ಇನ್ನೊಂದನ್ನು ತಿದ್ದಿದ್ದರ ಲಕ್ಷಣ.

ಕನ್ನಡ ಸಹಿಯಲ್ಲಿ ತಲೆಕಟ್ಟನ್ನು ಅಕ್ಷರದ ಓಟದಲ್ಲೇ ಹಾಕಿದ್ದಾರೋ ಪೆನ್ನೆತ್ತಿ ಆಮೇಲೆ ಸೇರಿಸಿದ್ದಾರೋ, ಒತ್ತಕ್ಷರ ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಕೂರುತ್ತದೆ, ಕೊಂಬು ಅಕ್ಷರದ ಯಾವ ಬಿಂದುವಿನಿಂದ ಹೊರಡುತ್ತದೆ, ದೀರ್ಘ ಬೇರೆ ನಿಂತಿದೆಯೋ ಅಂಟಿದೆಯೋ ಎಂಬುದನ್ನು ಒಂದೊಂದಾಗಿ ಪಟ್ಟಿ ಮಾಡಿ. ಅಕ್ಷರದ ಆಕಾರಕ್ಕಿಂತ ಈ ಕ್ರಮ ಮತ್ತು ಜಾಗ ಹೆಚ್ಚು ಹೇಳುತ್ತವೆ, ಏಕೆಂದರೆ ನಕಲು ಮಾಡುವವರು ನೋಡುವುದು ಆಕಾರವನ್ನೇ. ಒಂದೇ ಶಾಲೆಯಲ್ಲಿ ಒಬ್ಬರೇ ಮೇಷ್ಟ್ರ ಹತ್ತಿರ ಕಾಪಿ ಬರೆದವರಲ್ಲಿ ಸಹಜವಾಗಿ ಇರುವ ಹೋಲಿಕೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಕೆಲವಕ್ಕೆ ಉತ್ತರ ನಿರೀಕ್ಷಿಸಬೇಡಿ. ಜೆರಾಕ್ಸ್ ಪ್ರತಿಯಲ್ಲಿ ಒತ್ತಡ, ಗೆರೆಯ ಗುಣ, ತಿದ್ದಿದ ಗುರುತು ಅಳಿಸಿಹೋಗಿರುತ್ತವೆ. ಕತ್ತರಿಸಿ ಅಂಟಿಸಿದ ಸಹಿ ಜೆರಾಕ್ಸಿನಲ್ಲಿ ಅಸಲಿಯಂತೆಯೇ ಕಾಣುತ್ತದೆ. ಸಹಿ ಯಾವ ವರ್ಷದ್ದೆಂದು ಅಕ್ಷರ ನೋಡಿ ಹೇಳಲಾಗದು. ಚೆಕ್ ಬೌನ್ಸ್ ಪ್ರಕರಣದಲ್ಲಿ ಸಹಿ ನಿಮ್ಮದೇ ಎಂದು ಒಪ್ಪಿಕೊಂಡು, ‘ಉಳಿದದ್ದನ್ನು ಬೇರೆಯವರು ತುಂಬಿದ್ದಾರೆ’ ಎಂದು ಪರೀಕ್ಷೆಗೆ ಓಡಾಡುವುದು ಬಹುತೇಕ ದಂಡ: ಸಹಿ ಹಾಕಿ ಕೊಟ್ಟ ಖಾಲಿ ಚೆಕ್ಕನ್ನು ಇನ್ನೊಬ್ಬರು ತುಂಬಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ, 2022ರಲ್ಲಿ ಮತ್ತೆ ಹೇಳಿದೆ.

ಕೋರ್ಟಿನ ದಾರಿ ಹೀಗೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ತಜ್ಞರ ಅಭಿಪ್ರಾಯಕ್ಕೆ 39ನೇ ಕಲಮು. ಆ ಕೈಬರಹದ ಪರಿಚಯವಿರುವ ಗುಮಾಸ್ತರು, ಸಹೋದ್ಯೋಗಿಗಳು, ಮನೆಯವರು ಸಾಕ್ಷಿ ಹೇಳಲು 41. ನ್ಯಾಯಾಧೀಶರೇ ಹೋಲಿಸಿ ನೋಡಲು 72. ಹಳೆಯ ಕಾಯಿದೆಯ 45, 47, 73 ಇವೇ. ವಿಚಾರಣೆ ಕೊನೆಗೆ ಬರುವವರೆಗೆ ಕಾಯದೆ, ದಾಖಲೆ ಹಾಜರಾದ ಕೂಡಲೇ ಪರೀಕ್ಷೆಗೆ ಕಳಿಸುವಂತೆ ವಕೀಲರ ಮೂಲಕ ಅರ್ಜಿ ಹಾಕಿಸಿ. ತಡವಾದರೆ ಕಾಲಹರಣದ ತಂತ್ರವೆಂದು ತಳ್ಳಿಹಾಕುವ ಸಂಭವ ಹೆಚ್ಚು. ರಾಜ್ಯದಲ್ಲಿ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಖಾಸಗಿ ತಜ್ಞರನ್ನೂ ಕರೆತರಬಹುದು. ಖಾಸಗಿಯವರು ದುಡ್ಡು ಕೊಟ್ಟವರ ಕಡೆ ವಾಲುತ್ತಾರೆಂಬ ಸಂಶಯ ನ್ಯಾಯಾಲಯಕ್ಕೆ ಇದ್ದೇ ಇರುತ್ತದೆ. ತಜ್ಞರ ಅಭಿಪ್ರಾಯವೊಂದನ್ನೇ ನೆಚ್ಚಿ ಶಿಕ್ಷೆ ಕೊಡುವುದು ಅಪಾಯ ಎಂದು 1977ರ ಮಗನ್ ಬಿಹಾರಿ ಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎಚ್ಚರಿಸಿತ್ತು. 1980ರ ಮುರಾರಿ ಲಾಲ್ ಪ್ರಕರಣದಲ್ಲಿ, ಬೇರೆ ಪುರಾವೆಯಿಲ್ಲದೆ ಒಪ್ಪಲೇಬಾರದೆಂಬ ನಿಯಮವಿಲ್ಲ, ಆದರೆ ಈ ವಿದ್ಯೆ ಬೆರಳಚ್ಚಿನಷ್ಟು ಪಕ್ವವಾಗಿಲ್ಲವಾದ್ದರಿಂದ ಎಚ್ಚರ ಬೇಕು, ಅಭಿಪ್ರಾಯಕ್ಕೆ ಕೊಟ್ಟ ಕಾರಣಗಳನ್ನು ತೂಗಿ ನೋಡಬೇಕು ಎಂದಿತು. ಆದ್ದರಿಂದ ದಾಖಲೆಗೆ ಸಾಕ್ಷಿ ಹಾಕಿದವರು, ಹಣ ಸಂದಾಯದ ಲೆಕ್ಕ, ಆ ದಿನ ಸಹಿದಾರರು ಎಲ್ಲಿದ್ದರು ಎಂಬುದರ ಪುರಾವೆಗಳನ್ನು ಜೊತೆಜೊತೆಗೇ ಕೂಡಿಸಿಕೊಳ್ಳಿ.

ವರದಿ ಬಂದ ಮೇಲೆ ಕೊನೆಯ ಸಾಲಿನ ತೀರ್ಮಾನ ಓದಿ ಮಡಚಿಡಬೇಡಿ, ಕಾರಣಗಳ ಭಾಗ ಓದಿ. ಹಿಗ್ಗಿಸಿದ ಫೋಟೊಗಳಲ್ಲಿ ಒಂದೊಂದು ಅಂಶಕ್ಕೂ ಬಾಣದ ಗುರುತು ಇರಬೇಕು, ಹೋಲಿಕೆಗಳ ಜೊತೆ ವ್ಯತ್ಯಾಸಗಳನ್ನೂ ಬರೆದು ಅವು ಯಾಕೆ ಬಂದವೆಂದು ವಿವರಿಸಿರಬೇಕು. ಪಾಟೀಸವಾಲಿಗೆ ವಕೀಲರ ಕೈಗೆ ಈ ಪ್ರಶ್ನೆಗಳನ್ನು ಕೊಡಬಹುದು: ಎಷ್ಟು ಒಪ್ಪಿತ ಸಹಿ ನೋಡಿದಿರಿ, ಯಾವ ತಾರೀಕಿನವು? ಮೂಲ ನೋಡಿದಿರೋ ಫೋಟೊ ನೋಡಿದಿರೋ? ನಿಮ್ಮನ್ನು ನೇಮಿಸಿದವರು ಯಾರ ಮೇಲೆ ಶಂಕೆ ಎಂದು ಮೊದಲೇ ಹೇಳಿದ್ದರೇ? ಮೇಲ್ವಿಚಾರಣೆಯಲ್ಲಿ ಎಷ್ಟು ವರ್ಷ ಕಲಿತಿರಿ? ಕನ್ನಡ ನಿಮಗೆ ಓದಲು ಬರೆಯಲು ಬರುತ್ತದೆಯೇ? ಕಲಿಕೆಯ ಪ್ರಶ್ನೆ ಬರೀ ಶಾಸ್ತ್ರಕ್ಕಲ್ಲ: 2022ರ ಅಧ್ಯಯನದಲ್ಲಿ ಎರಡು ವರ್ಷಕ್ಕಿಂತ ಕಡಿಮೆ ತರಬೇತಿಯಿದ್ದವರು ಖಡಾಖಂಡಿತ ತೀರ್ಪು ಕೊಡುವುದರಲ್ಲಿ ಮುಂದಿದ್ದರು, ತಪ್ಪುವುದರಲ್ಲೂ ಮುಂದಿದ್ದರು. ‘ಲಭ್ಯ ಮಾದರಿಗಳಿಂದ ಅಭಿಪ್ರಾಯ ಕೊಡಲಾಗದು’ ಎಂಬ ವರದಿ ಬಂದರೆ ಸೋತಂತಲ್ಲ; ಯಾವ ಮಾದರಿ ಸಿಕ್ಕರೆ ಹೇಳಬಹುದೆಂದು ಪ್ರಯೋಗಾಲಯಕ್ಕೆ ಕೋರ್ಟಿನ ಮೂಲಕವೇ ಕೇಳಿ, ಅವನ್ನು ಹುಡುಕಿ ಮತ್ತೊಮ್ಮೆ ಕಳಿಸಲು ಅರ್ಜಿ ಹಾಕಿಸಿ.